ಫಕೀರಪ್ಪನ ಹೆಸರಿಗೆ ಹದಿನಾರು ಪುಟ

ನಮ್ಮೂರಿನಲ್ಲಿ ಪುಸ್ತಕ ಬರೆದವರು ಅದನ್ನು ಯಾರಿಗಾದರೂ ಅರ್ಪಿಸಬೇಕೆಂದರೆ, ಅಚ್ಚಿಗೆ ಹೋಗುವ ಮೊದಲು ಅವರ ಮನೆಗೆ ನಡೆದುಕೊಂಡು ಹೋಗಿ ಹೇಳಬೇಕು. ಕಾಗದ ಬರೆಯುವಂತಿಲ್ಲ, ಫೋನು ಮಾಡುವಂತಿಲ್ಲ, ಬೇರೆಯವರ ಬಾಯಲ್ಲಿ ಹೇಳಿಸುವಂತಿಲ್ಲ. ಬಿಸಿಲಿರುವಾಗಲೇ ಹೋಗಬೇಕು. ಹೊಸ್ತಿಲಿನ ಹೊರಗೆ ನಿಂತು, "ನಿಮ್ಮ ಹೆಸರಿಗೊಂದು ಪುಸ್ತಕ ಐತಿ" ಎನ್ನಬೇಕು. ಒಳಗಿನವರು "ಅದರಾಗ ಏನೈತಿ?" ಎಂದು ಕೇಳುತ್ತಾರೆ. ಆಗ ಇರುವುದನ್ನು ಇರುವ ಹಾಗೆ ಹೇಳಬೇಕು, ಏನನ್ನೂ ಮುಚ್ಚಿಡಬಾರದು. ಒಪ್ಪಿಗೆಯಿದ್ದರೆ ಅವರು ಒಂದು ತಂಬಿಗೆ ನೀರು ತರುತ್ತಾರೆ, ಇಬ್ಬರೂ ಅದರಿಂದ ಕುಡಿಯುತ್ತಾರೆ. ಇಲ್ಲದಿದ್ದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗೆ ಬಾಗಿಲು ಹಾಕಿಕೊಂಡವರ ಮೇಲೆ ಸಿಟ್ಟಾಗುವಂತಿಲ್ಲ. ಮರುದಿನ ಸಂತೆಯಲ್ಲಿ ಸಿಕ್ಕರೆ ಎಂದಿನಂತೆ ಮಾತಾಡಿಸಬೇಕು. ಇದೆಲ್ಲಕ್ಕೂ ಅಚ್ಚುಕೂಟದಿಂದ ಒಬ್ಬರು ಸಾಕ್ಷಿಯಾಗಿ ಜೊತೆಗಿರಬೇಕು. ಇಪ್ಪತ್ತಾರು ವರ್ಷದಿಂದ ಆ ಸಾಕ್ಷಿ ನಾನು. ಹೆಸರು ಚಂಪಾ. ಉಳಿದ ಹೊತ್ತಿನಲ್ಲಿ ಅಚ್ಚಿನ ತಪ್ಪು ತಿದ್ದುತ್ತೇನೆ.

ನಮ್ಮಲ್ಲಿ ಅರ್ಪಣೆ ಬರೀ ಮರ್ಯಾದೆಯ ಮಾತಲ್ಲ. ಅಚ್ಚಾದ ಪುಸ್ತಕದಲ್ಲಿ ತನ್ನ ಹೆಸರಿರುವ ಪುಟವನ್ನು ಓದಿದ ಗಳಿಗೆಯಿಂದ, ಅದರಲ್ಲಿ ಬರೆದದ್ದೆಲ್ಲ ಆ ಮನುಷ್ಯನಿಗೆ ತಾನೇ ಕಂಡದ್ದಾಗಿ, ತನಗೇ ಆದದ್ದಾಗಿ ನೆನಪಿರುತ್ತದೆ. ಬರೆದವರ ನೆನಪು ಬರೆದವರಲ್ಲಿ ಹಾಗೇ ಉಳಿದಿರುತ್ತದೆ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಬೇರೆಯವರು ಓದಿದರೆ ಅದು ಎಲ್ಲ ಪುಸ್ತಕಗಳಂತೆ ಬರೀ ಓದು. ಒಮ್ಮೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಪುಸ್ತಕ ಸುಟ್ಟರೂ ಅಷ್ಟೆ. ಹೀಗಾಗಿ ಜನ ಎಚ್ಚರದಿಂದಿರುತ್ತಾರೆ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ತಂಗೆವ್ವನಿಗೆ, ಹಡಗಿನಲ್ಲಿ ಅಡಿಗೆ ಮಾಡುತ್ತಿದ್ದ ಅವಳ ತಮ್ಮ ತಾನು ತಿರುಗಿದ್ದನ್ನೆಲ್ಲ ಬರೆದು ಅರ್ಪಿಸಿದ. ಸಾಯುವತನಕ ಆಕೆ ನೋಡಲು ಬಂದವರೊಡನೆ ಯಾವ ಬಂದರಿನ ಮೀನು ರುಚಿ ಎಂದು ವಾದ ಮಾಡುತ್ತಿದ್ದಳು. ಮದುವೆಯಾಗುವವರು ತಮ್ಮ ಬಾಲ್ಯವನ್ನು ಇಪ್ಪತ್ತು ಪುಟಕ್ಕೆ ಇಳಿಸಿ ಒಬ್ಬರಿಗೊಬ್ಬರು ಕೊಡುವುದುಂಟು. ಅಂಥ ಮನೆಗಳಲ್ಲಿ ಜಗಳ ಕಡಿಮೆ ಎನ್ನುತ್ತಾರೆ, ನನಗೆ ನಂಬಿಕೆಯಿಲ್ಲ. ನಿವೃತ್ತ ತಹಶೀಲ್ದಾರರೊಬ್ಬರು ತಮ್ಮ ಹೊಟ್ಟೆನೋವಿನ ಬಗ್ಗೆ ಮುನ್ನೂರು ಪುಟ ಬರೆದು ನನ್ನನ್ನು ಹನ್ನೊಂದು ಮನೆಗಳಿಗೆ ಅಲೆಸಿದರು. ಹನ್ನೊಂದೂ ಬಾಗಿಲು ಮುಚ್ಚಿದವು. ನಾನು ಯಾರದಾದರೂ ಜೊತೆ ಓಣಿಗೆ ಕಾಲಿಟ್ಟರೆ ಹಿತ್ತಲಿನಿಂದ ಹೊರಬಿದ್ದು ಹೋಗುವವರೂ ಇದ್ದಾರೆ.

ಅಂಬಕ್ಕೋರು ಬಂದದ್ದು ಬೇಸಿಗೆಯ ಮೊದಲಿಗೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿದವರು, ನನಗೂ ಅಕ್ಷರ ತಿದ್ದಿಸಿದವರು. ಎತ್ತರದ ಒಣಕಲು ಶರೀರ, ಹತ್ತಿಯಂತೆ ಬೆಳ್ಳಗಾದ ಕೂದಲು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು, ಅಚ್ಚುಕೂಟದ ಯಜಮಾನರಾದ ಗುರುಪಾದಪ್ಪನವರ ಕಡೆ ನೋಡದೆ ನನಗೇ ಹೇಳಿದರು, "ಚಂಪಾ, ಇದು ನಮ್ಮ ಮುರಿಗೀದು."

ಮುರಿಗೆಪ್ಪ ಅವರ ಒಬ್ಬನೇ ಮಗ. ಇಪ್ಪತ್ತೆರಡು ವರ್ಷದ ಹಿಂದೆ, ಹತ್ತು ವರ್ಷದವನಿದ್ದಾಗ, ಹೊಳೆಯಲ್ಲಿ ಹೋದ. ಅದು ಇಡೀ ಊರಿಗೆ ಗೊತ್ತಿರುವ ಸಂಗತಿ. ಬೇಸಿಗೆಯಲ್ಲಿ ನಮ್ಮ ಹೊಳೆಯಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ಮೇಲೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಂದು ಒಡ್ಡು, ಅದಕ್ಕೆ ಮೂರು ಕಬ್ಬಿಣದ ಗೇಟು. ಗೇಟು ಎತ್ತುವ ಮೊದಲು ಕಾವಲುಗಾರ ಗೋಪುರ ಹತ್ತಿ ಭೋಂಗಾ ಊದಬೇಕು. ಕೈಯಿಂದ ತಿರುಗಿಸುವ ಆ ಭೋಂಗಾ ಒಮ್ಮೆ ಕೂಗಿದರೆ ಹೊಳೆಯಲ್ಲಿದ್ದವರು ದಂಡೆ ಹತ್ತಿಬಿಡುತ್ತಾರೆ. ಆ ಸೋಮವಾರ ಮಧ್ಯಾಹ್ನ ಕಾವಲುಗಾರ ಫಕೀರಪ್ಪ ಭೋಂಗಾ ಊದದೆ ಗೇಟು ಎತ್ತಿದ. ಶಾಲೆಗೆ ರಜೆ ಕೊಟ್ಟಿದ್ದರಿಂದ ಅಂಬಕ್ಕೋರು ಮಗನನ್ನು ಕರೆದುಕೊಂಡು ಕೌದಿ ಒಗೆಯಲು ಹೋಗಿದ್ದರು. ಹುಡುಗ ಹೊಳೆಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಕೌದಿ ಹರವುತ್ತಿದ್ದ. ಗೋಪುರಕ್ಕೆ ನಲವತ್ತು ಮೆಟ್ಟಿಲು. ಸೋಮವಾರ ಮಧ್ಯಾಹ್ನ ಹೊಳೆಯಲ್ಲಿ ಯಾರಿರುತ್ತಾರೆ ಎಂದುಕೊಂಡು ಹತ್ತಲಿಲ್ಲ ಎಂದು ಫಕೀರಪ್ಪ ವಿಚಾರಣೆಯಲ್ಲಿ ತಾನೇ ಒಪ್ಪಿಕೊಂಡ. ಆರು ತಿಂಗಳು ಕೆಲಸದಿಂದ ನಿಲ್ಲಿಸಿದರು, ಆಮೇಲೆ ಮತ್ತೆ ಅದೇ ಗೇಟಿಗೆ ಹಾಕಿದರು, ನಿವೃತ್ತಿಯತನಕ ಅಲ್ಲೇ ಇದ್ದ.

ನಾನು ಆ ಹಸ್ತಪ್ರತಿಯನ್ನು ಮೂರು ದಿನ ಓದಿದೆ. ನೂರ ಎಂಬತ್ತು ಪುಟ. ಹುಡುಗ ಹುಟ್ಟಿದ್ದು, ಮೊದಲ ಹಲ್ಲು, ಜ್ವರ ಬಂದಾಗ ಗೋಡೆಯ ಸುಣ್ಣ ಕೆರೆದು ತಿಂದದ್ದು, ಅಪ್ಪ ಸತ್ತಾಗ ಅಪ್ಪನ ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಡೆದಾಡಿದ್ದು, ಮಗ್ಗಿ ಬಾರದಿದ್ದಾಗ ಅಮ್ಮನನ್ನೇ ಶಾಲೆಯ ಹುಡುಗಿಯರ ಹಾಗೆ "ಅಕ್ಕೋರ" ಎಂದು ಕರೆದು ನಗಿಸಿದ್ದು. ಓದುತ್ತ ಎರಡು ಸಲ ಜೋರಾಗಿ ನಕ್ಕೆ. ಗುರುಪಾದಪ್ಪ ತಲೆಯೆತ್ತಿ ನೋಡಿದರು. ಕೊನೆಯ ಹದಿನಾರು ಪುಟ ಹೊಳೆಯದು. ನೀರು ಬಂದದ್ದು, ಅಂಬಕ್ಕೋರು ಕುತ್ತಿಗೆಯ ತನಕ ನೀರಿನಲ್ಲಿ ಹೋಗಿ ಕೈ ಚಾಚಿದ್ದು, ಒಂದು ಗೇಣು ಸಾಲದೆ ಹೋದದ್ದು, ಹುಡುಗ ಅವರ ಮುಖ ನೋಡಿದ್ದು. ಮೊದಲ ಪುಟದಲ್ಲಿ, ನನಗೆ ಒಂದನೇ ಇಯತ್ತೆಯಿಂದ ಗೊತ್ತಿರುವ ಆ ದುಂಡನೆಯ ಅಕ್ಷರದಲ್ಲಿ, "ಒಡ್ಡಿನ ಕಾವಲುಗಾರ ಫಕೀರಪ್ಪನಿಗೆ" ಎಂದು ಬರೆದಿತ್ತು.

"ಅಕ್ಕೋರ, ಇನ್ನೊಮ್ಮೆ ವಿಚಾರ ಮಾಡ್ರಿ," ಎಂದೆ.

"ಇಪ್ಪತ್ತೆರಡು ವರ್ಷ ವಿಚಾರ ಮಾಡೇನಿ. ಅಂವ ದಿನಾ ಉಂಡು ಮಕ್ಕೊಂತಾನ. ನನಗ ಏನಾಗೇತಿ ಅನ್ನೂದು ಅವನ ಹೊಟ್ಯಾಗ ಕುಂದ್ರಬೇಕು. ಮತ್ತೇನೂ ಬ್ಯಾಡ ನನಗ."

ಫಕೀರಪ್ಪನ ಮನೆ ಒಡ್ಡಿನ ಕೆಳಗಿನ ಓಣಿಯ ಕಟ್ಟಕಡೆಗೆ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ನಾವು ಹೋದಾಗ ಕಟ್ಟೆಯ ಮೇಲೆ ಕೂತು ಯಾರದೋ ಛತ್ರಿಗೆ ಕಡ್ಡಿ ಕೂಡಿಸುತ್ತಿದ್ದ. ಮೊದಲು ನನ್ನನ್ನು ನೋಡಿದ, ಆಮೇಲೆ ಅವರನ್ನು. ಛತ್ರಿ ಕೆಳಗಿಟ್ಟು ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಂಡ ಎಂದುಕೊಂಡೆ. ಹಾಗಲ್ಲ, ಹೊಸ್ತಿಲಿನ ಒಳಗೆ ನಿಲ್ಲುವುದು ರೂಢಿಯೆಂದು ಹೋಗಿ ನಿಂತಿದ್ದ.

"ನಿನ್ನ ಹೆಸರಿಗೊಂದು ಪುಸ್ತಕ ಐತಿ," ಎಂದರು ಅಂಬಕ್ಕೋರು.

"ಅದರಾಗ ಏನೈತ್ರಿ?"

ಅವರು ಹೇಳಿದರು. ಹುಟ್ಟಿದ ದಿನದಿಂದ ಹಿಡಿದು, ತರಗತಿಯಲ್ಲಿ ನಿಂತು ಹೇಳುವ ಹಾಗೆ, ಸ್ಪಷ್ಟವಾಗಿ, ಒಂದಾದ ಮೇಲೊಂದು. ಹೊಳೆಗೆ ಬಂದಾಗ ದನಿ ಗಟ್ಟಿಯಾಯಿತು. ಮುಗಿಸಿ ನಿಂತಾಗ ಫಕೀರಪ್ಪನ ಕಣ್ಣು ಒದ್ದೆಯಾಗಿದ್ದವು, ಆದರೆ ಮುಖದಲ್ಲಿ ಹೆದರಿಕೆಯಿರಲಿಲ್ಲ. ನಾನು ಅನೇಕ ಹೊಸ್ತಿಲುಗಳಲ್ಲಿ ಕಂಡಿದ್ದೇನೆ, ಅದು ಆಸೆಯ ಮುಖ.

"ಕೊಡ್ರಿ ಅಕ್ಕೋರ," ಎಂದ. "ಆ ಹುಡುಗನ್ನ ನಾ ಒಮ್ಮೆನೂ ನೋಡಿಲ್ರಿ. ಮೂರನೇ ದಿನ ಹೆಣ ಜಾಲಿ ಕಂಟ್ಯಾಗ ಸಿಕ್ಕಾಗ ನೋಡೀನಿ ಅಷ್ಟ. ದಿನಾ ಅದ ಮಾರಿ ಕಣ್ಣಮುಂದ ಬರತೈತಿ. ನಗೂದು ಹೆಂಗಿತ್ತು, ನಡಿಯೂದು ಹೆಂಗಿತ್ತು, ಒಂದೂ ಗೊತ್ತಿಲ್ಲ. ನಮಗೂ ಮಕ್ಕಳಾಗಲಿಲ್ಲ... ನೀವು ಇಷ್ಟು ಕೊಟ್ರ..." ಮಾತು ಮುಗಿಸದೆ ಒಳಗೆ ಓಡಿದ. ತಂಬಿಗೆ ಹಿಡಿದು ಬರುವಾಗ ಅವಸರಕ್ಕೆ ಅರ್ಧ ನೀರು ನೆಲಕ್ಕೆ ಚೆಲ್ಲಿತ್ತು.

ಅಂಬಕ್ಕೋರು ತಂಬಿಗೆ ಮುಟ್ಟಲಿಲ್ಲ. ಅವನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ತಿರುಗಿ ನಡೆದುಬಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಒಪ್ಪಿಕೊಂಡವರನ್ನು ಬಿಟ್ಟು ಬರೆದವರೇ ಹೊರಟುಹೋದದ್ದನ್ನು ನಾನು ಕಂಡಿರಲಿಲ್ಲ. ನಾನೂ ಅವರ ಹಿಂದೆ ಹೋದೆ.

ಓಣಿ ದಾಟಿದ ಮೇಲೆ ಅವರು ಒಂದು ಗೋಡೆಗೆ ಕೈ ಕೊಟ್ಟು ನಿಂತರು. "ನೋಡಿದಿ ಇಲ್ಲ? ನಾ ಶಿಕ್ಷಾ ಕೊಡಾಕ ಹೋದ್ರ ಅಂವ ಉಡಿ ಒಡ್ಡಿದ. ನನ್ನ ಮಗನ್ನ ಮಡಿಲಾಗ ಹಾಕ್ಕೊಂಡು ಆಡಸಾಂವ ಇದ್ದ. ಹತ್ತು ವರ್ಷದ್ದು ಎಲ್ಲಾ ಅವನಿಗೆ ಸಿಗತಿತ್ತು, ಚಂಪಾ. ಹಾಲು ಕುಡಿಸಿದ್ದೂ ಸಿಗತಿತ್ತು."

ಎರಡು ವಾರ ಅವರು ಬರಲಿಲ್ಲ. ಪುಸ್ತಕ ಕೈಬಿಟ್ಟರು ಎಂದುಕೊಂಡೆ. ಒಂದು ರೀತಿಯಲ್ಲಿ ನೆಮ್ಮದಿಯಾಯಿತು. ಆಮೇಲೆ ಒಂದು ಬೆಳಿಗ್ಗೆ ಬಂದು ಹಸ್ತಪ್ರತಿ ಕೇಳಿದರು. ಕಪಾಟಿನಿಂದ ತೆಗೆದುಕೊಟ್ಟೆ. ನನ್ನ ಮೇಜಿನ ಮೇಲಿದ್ದ ಕತ್ತರಿಯಿಂದ ಹೊಲಿದ ದಾರವನ್ನು ಕತ್ತರಿಸಿ, ಕೊನೆಯ ಹದಿನಾರು ಪುಟಗಳನ್ನು ಬೇರೆ ಮಾಡಿ ನನ್ನ ಮುಂದೆ ಇಟ್ಟರು. ಅವುಗಳಲ್ಲಿ ಮುರಿಗಿ ಎಂದಿದ್ದ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು 'ಹುಡುಗ' ಎಂದು ಮಾಡಿದರು. ಏಳು ಕಡೆ ಇತ್ತು. ಏಳನ್ನೂ ಪರೀಕ್ಷೆಯ ಉತ್ತರ ತಿದ್ದಿದ ಹಾಗೆ ತಿದ್ದಿದರು.

"ಇಷ್ಟ ಅಚ್ಚು ಮಾಡ್ರಿ. ಅವನಿಗೆ ಇಷ್ಟ."

"ಉಳಿದದ್ದು?"

"ಅದಕ್ಕ ಹೆಸರು ಸಿಕ್ಕಿಲ್ಲ. ಕಟ್ಟಿ ಇಡು."

ನಾನು ಗುರುಪಾದಪ್ಪನವರ ಮುಖ ನೋಡಿದೆ. ಹದಿನಾರು ಪುಟವಾದರೂ ಪುಸ್ತಕವೇ, ರೂಢಿಗೆ ಅಡ್ಡಿಯಿಲ್ಲ, ಮತ್ತೊಮ್ಮೆ ಅವನ ಮನೆಗೆ ಹೋಗಿ ಹೇಳಿದರಾಯಿತು ಎಂದರು. ನನಗೆ ಸಿಟ್ಟು ಬಂತು. "ಅಕ್ಕೋರ, ಒಬ್ಬ ಮನುಷ್ಯಾಗ ಬರೇ ಸಾವು ಕೊಡೂದಂದ್ರ ಹೆಂಗ್ರಿ? ಮೊದಲಿಂದು ಇದ್ರ ಅದಕ್ಕೊಂದು ಆಸರ ಇರತೈತಿ," ಎಂದೆ. ಅವರು ಸೀರೆಯ ತುಂಡಿಗೆ ಗಂಟು ಹಾಕುತ್ತ, "ನನಗ ಯಾರು ಆಸರ ಕೊಟ್ರು?" ಎಂದಷ್ಟೇ ಕೇಳಿದರು.

ಎರಡನೆಯ ಸಲ ಹೋದಾಗ ಫಕೀರಪ್ಪ ದೂರದಿಂದಲೇ ನಮ್ಮನ್ನು ಕಂಡು ಹೊಸ್ತಿಲಿನಲ್ಲಿ ಕಾಯುತ್ತಿದ್ದ. ಹೊಸ ಅಂಗಿ ಹಾಕಿಕೊಂಡಿದ್ದ. ಆ ಹದಿನೈದು ದಿನವೂ ಹಾಗೇ ಕಾಯ್ದಿರಬೇಕು. ಅಂಬಕ್ಕೋರು ಹೇಳಿದರು: ಇದು ಬೇರೆ ಪುಸ್ತಕ. ನೀರು ಬಂದಲ್ಲಿಂದ ನೀರು ಇಳಿದಲ್ಲಿಯತನಕ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ನಾನು ಕುತ್ತಿಗೆಮಟ ನೀರಿನಲ್ಲಿ ನಿಂತೆ, ಕೈ ಚಾಚಿದೆ, ಸಿಗಲಿಲ್ಲ, ಅವನು ನನ್ನ ಮುಖ ನೋಡಿದ, ಹೋದ.

ಫಕೀರಪ್ಪ ಕೇಳಿದ, "ಅದರಾಗ ಅಂವ ನಗೂದು ಎಲ್ಲೂ ಇಲ್ಲೇನ್ರಿ?"

"ಇಲ್ಲ."

"ಒಂದ ಸಲಾನೂ?"

"ಇಲ್ಲ ಅಂದೆ."

ಅವನ ಕೈ ಕದದ ಮೇಲಿತ್ತು. ಹಾಕಿಕೋ, ಹಾಕಿಕೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸಾಕ್ಷಿಯಾದವಳು ಹಾಗೆ ಬೇಡಿಕೊಳ್ಳಬಾರದು. ಅವನು ಒಳಗೆ ಹೋಗಿ, ಈ ಸಲ ನಿಧಾನವಾಗಿ, ತುಂಬಿದ ತಂಬಿಗೆ ತಂದ. ತಾನು ಕುಡಿದು ಕೊಟ್ಟ. ಅಂಬಕ್ಕೋರು ಕಹಿ ಔಷಧ ಕುಡಿಯುವವರ ಹಾಗೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು.

ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ಒಯ್ದು ಕೊಡುವುದೂ ನನ್ನ ಕೆಲಸ. ಕೊಟ್ಟ ಕೂಡಲೇ ಹಿಂದಿರುಗಿ ನೋಡದೆ ಹೊರಟುಬಿಡಬೇಕು. ಓದುವಾಗಿನ ಮುಖವನ್ನು ಯಾರೂ ನೋಡಬಾರದು. ಬೂದು ರಟ್ಟಿನ ಆ ತೆಳ್ಳನೆಯ ಪುಸ್ತಕವನ್ನು ಅವನ ಕೈಗಿಟ್ಟು ಹೊರಟೆ. ಒಳಗಿನಿಂದ ಏನಾದರೂ ಕೇಳಿಸೀತೆಂದು ಬೇಕೆಂದೇ ನಿಧಾನವಾಗಿ ನಡೆದೆ. ಏನೂ ಕೇಳಿಸಲಿಲ್ಲ.

ಮರುದಿನ ಮಧ್ಯಾಹ್ನ ಭೋಂಗಾ ಕೂಗಿತು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಹಸಿ ಬಟ್ಟೆ ಬಾಚಿಕೊಂಡು ದಂಡೆ ಹತ್ತಿದರು. ನೀರು ಬರಲಿಲ್ಲ. ಫಕೀರಪ್ಪ ಗೋಪುರ ಹತ್ತಿ ಭೋಂಗಾ ತಿರುಗಿಸುತ್ತಿದ್ದನಂತೆ. ಈಗಿನ ಕಾವಲುಗಾರ ಹೋಗಿ ಕೈ ಬಿಡಿಸಿ ಇಳಿಸಿಕೊಂಡು ಬಂದ. ಅದರ ಮರುದಿನವೂ ಹಾಗೇ ಆಯಿತು. ಎಪ್ಪತ್ತರ ಮುದುಕ, ದಿನವೂ ಆ ನಲವತ್ತು ಮೆಟ್ಟಿಲು ಹತ್ತುತ್ತಿದ್ದ. ಮೊದಮೊದಲು ಹೆಂಗಸರು ಬೈದರು. ಆಮೇಲೆ ರೂಢಿಯಾಯಿತು. ಭೋಂಗಾ ಕೂಗಿದರೆ ಮೇಲೆ ಬಂದು ಕೂತು ಬುತ್ತಿ ಬಿಚ್ಚಿ, ಉಂಡು, ಮತ್ತೆ ಇಳಿಯುತ್ತಿದ್ದರು. ನಮ್ಮ ಅಚ್ಚುಕೂಟದಲ್ಲೂ ಅದನ್ನು ಕೇಳಿಯೇ ಊಟಕ್ಕೆ ಏಳತೊಡಗಿದೆವು. ಮೂರು ವಾರದ ಮೇಲೆ ಗೋಪುರದ ಬಾಗಿಲಿಗೆ ಬೀಗ ಹಾಕಿದರು. ಅಂದಿನಿಂದ ಅವನು ಹೊರಗೆ ಕಾಣಿಸಲಿಲ್ಲ.

ಅಂಬಕ್ಕೋರು ಒಮ್ಮೆ ಸಂತೆಯಲ್ಲಿ ಸಿಕ್ಕಾಗ, "ಹೆಂಗದಾನ?" ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. "ಛೊಲೋ ಆತು," ಎಂದರು. ಆದರೆ ಆ ಮಾತು ಹೇಳಿಯೂ ಅಲ್ಲೇ ನಿಂತಿದ್ದರು. ಮತ್ತೇನೋ ಕೇಳುವವರಂತಿದ್ದು, ಕೇಳದೆ ಹೋದರು.

ಮಳೆಗಾಲ ಹಿಡಿಯುವ ಮೊದಲು ಫಕೀರಪ್ಪನ ನೆರೆಮನೆಯಾಕೆ ಅಚ್ಚುಕೂಟಕ್ಕೆ ಬಂದು, "ಮುದುಕ ಉಣ್ಣಂಗಿಲ್ಲ, ನಿನ್ನ ಹೆಸರು ಹೇಳ್ತಾನ," ಎಂದಳು. ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕುತ್ತಿಗೆಯ ಎಲುಬು ಎದ್ದಿದ್ದವು. ನೀರಿನ ತಂಬಿಗೆಯನ್ನು ಕಾಣದ ಹಾಗೆ ಹೊರಸಿನ ಕೆಳಗೆ ಸರಿಸಿದ್ದ.

"ಚಂಪವ್ವಾ, ನೀ ಸಾಕ್ಷಿ ಇದ್ದಿ. ನಿನ್ನ ಒಂದು ಮಾತು ಕೇಳ್ತೀನಿ," ಎಂದ. "ನನಗ ಆ ಮಧ್ಯಾಹ್ನ ಎರಡು ಅದಾವು. ಒಂದರಾಗ ನಾ ನೀರಾಗ ಅದೀನಿ. ಕೈ ಚಾಚೀನಿ. ಹುಡುಗ ನನ್ನ ಮಾರಿ ನೋಡತಾನ. ಇನ್ನೊಂದು ನಂದ ಸ್ವಂತದ್ದು. ಅದರಾಗ ನಾ ಗೇಟಿನ ಹತ್ರ ಅದೀನಿ. ಗೇಟು ಎತ್ತೀನಿ. ಆಗ ಕೆಳಗ ದಂಡಿ ಮ್ಯಾಲ ಒಬ್ಬಾಕಿ ಸೆರಗು ಬೀಸಿಕೋತ ಚೀರಿಕೋತ ನನ್ನ ಕಡೆ ಓಡಿ ಬರಾಕತ್ತಾಳ. ಅಕಿನ್ನ ನೋಡಿ ನಾ ಗೇಟು ಇಳಿಸಿದೆ. ವಿಚಾರಣಿಯೊಳಗ ಭೋಂಗಾದ್ದಷ್ಟ ಕೇಳಿದ್ರು, ಇದನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಳಿಯಾಗ ಅವತ್ತು ಅವರಿಬ್ಬರ ಇದ್ರು. ಮತ್ತ ದಂಡಿ ಮ್ಯಾಲ ಓಡಿ ಬಂದಾಕಿ ಯಾರು?"

ನನಗೆ ಉತ್ತರ ಹೊಳೆಯಿತು. ಕೇಳಿಕೊಂಡು ಬರುತ್ತೇನೆ ಎಂದೆ.

"ಬ್ಯಾಡ," ಎಂದ. "ಸುಮ್ನ ಕೇಳಿದೆ. ಕೇಳಾಕ ಹೋಗಬ್ಯಾಡ."

ಹೋಗದಿರಲು ಸಾಧ್ಯವಿರಲಿಲ್ಲ. ಹೊಸ್ತಿಲಿನಲ್ಲಿ ನಿಂತು ಇರುವುದನ್ನು ಇರುವಂತೆ ಹೇಳಿದ್ದಾರೆಂದು ಅಚ್ಚುಕೂಟದ ಪುಸ್ತಕದಲ್ಲಿ ಸಹಿ ಹಾಕಿದವಳು ನಾನು. ಸುಳ್ಳು ಹೇಳಿ ಕೊಟ್ಟಿದ್ದರೆ ಅದನ್ನು ತೆಗೆದುಕೊಂಡವನಿಗೆ ತಿಳಿಸುವ ಹೊಣೆಯೂ ನನ್ನದೇ. ಅಂಬಕ್ಕೋರ ಮನೆಗೆ ಹೋದೆ. ಅಡಿಗೆಮನೆಯಲ್ಲಿ ಕಾಳು ಆರಿಸುತ್ತಿದ್ದರು. ಫಕೀರಪ್ಪ ಹೇಳಿದ್ದನ್ನು ಅವನ ಮಾತಿನಲ್ಲೇ ಹೇಳಿದೆ. ಅವರ ಕೈ ಮೊರದ ಮೇಲೆ ಆಡುತ್ತಲೇ ಇತ್ತು, ಹುಳುಕು ಕಾಳನ್ನೂ ಒಳ್ಳೆಯ ಕಾಳನ್ನೂ ಒಂದೇ ಕಡೆ ಹಾಕುತ್ತಿದ್ದರು.

"ನಾನ," ಎಂದರು. "ಓಡಿದಾಕಿ ನಾನ."

ನಾನು ನೆಲದ ಮೇಲೆ ಕೂತೆ.

"ನೀರು ಬಂದದ್ದು ಕಂಡಿತು. ಅಂವ ಬಂಡಿಗಲ್ಲಿನ ಮ್ಯಾಲಿದ್ದ. ನಡುವ ಹದಿನೈದು ಹೆಜ್ಜಿ ಇತ್ತು, ಜಾಸ್ತಿ ಇಲ್ಲ. ಆಗಿನ್ನೂ ನಡುಮಟ ನೀರಿತ್ತು. ಹೋಗಿದ್ರ ಹಿಡೀತಿದ್ನೋ ಏನೋ, ಇಬ್ಬರೂ ಹೋಗತಿದ್ದಿವೋ ಏನೋ. ನಾ ಹೋಗಲಿಲ್ಲ. ಗೇಟು ಇಳಿಸಿದ್ರ ನೀರು ನಿಲ್ಲತೈತಿ ಅಂತ ಹೊಳಿತು. ಅಷ್ಟ ಹೊಳಿತು. ಅಲ್ಲೇ ನಿಂದ್ರು ಅಂತ ಅವನಿಗೆ ಹೇಳಿ ದಂಡಿ ಹತ್ತಿ ಓಡಿದೆ. ಹೊಳ್ಳಿ ನೋಡಿದಾಗ ಬಂಡಿ ಮ್ಯಾಲ ಏನೂ ಇರಲಿಲ್ಲ. ಕೌದಿನೂ ಇರಲಿಲ್ಲ." ಕಾಳು ಆರಿಸುತ್ತಲೇ ಹೇಳಿದರು, "ಅಂವ ನನ್ನ ಬೆನ್ನು ನೋಡಿರತಾನ, ಚಂಪಾ. ಬಿಟ್ಟು ಓಡೂದು ನೋಡಿರತಾನ. ಬರಿಯೂ ಮುಂದ ಅಷ್ಟೊಂದು ಬರಿಯಾಕ ಕೈ ಬರಲಿಲ್ಲ. ನೀರಾಗ ಇಳಿದೆ ಅಂತ ಬರದೆ. ಕೈ ಚಾಚಿದೆ ಅಂತ ಬರದೆ."

"ಇದನ್ನ ಅವನಿಗೆ ಹೇಳಬೇಕಾಗತೈತ್ರಿ."

"ಹೌದು," ಎಂದು ಮೊರ ಸರಿಸಿ ಎದ್ದರು. "ನಡಿ. ನಾನ ಹೇಳತೀನಿ."

ಅವರು ಹೇಳಲೆಂದೇ ಹೊರಟಿದ್ದರು, ಅದರಲ್ಲಿ ನನಗೆ ಸಂಶಯವಿಲ್ಲ. ಫಕೀರಪ್ಪನ ಬಾಗಿಲು ತೆರೆದೇ ಇತ್ತು. ಅವರು ಹೊಸ್ತಿಲಿನ ಹೊರಗೆ ನಿಲ್ಲದೆ ಸೀದಾ ಒಳಗೆ ಹೋಗಿ ಹೊರಸಿನ ಮುಂದೆ ನಿಂತರು. ಅವನು ಏಳಲು ಪ್ರಯತ್ನಿಸಿ, ಆಗದೆ, ಹೊದಿಕೆಯನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡ. ಬರೆದವರು ತಾವು ಕೊಟ್ಟದ್ದರ ಬಗ್ಗೆ ತೆಗೆದುಕೊಂಡವರನ್ನು ಎಂದೂ ಏನೂ ಕೇಳಬಾರದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಮರ್ಯಾದೆ ಇಲ್ಲ. ಅಂಬಕ್ಕೋರು ಬಾಯಿ ತೆರೆದರು. ಹೇಳುತ್ತಾರೆ ಎಂದುಕೊಂಡೆ. ಅವರು ಕೇಳಿದರು.

"ಫಕೀರಪ್ಪಾ, ಅಂವ ನನ್ನ ಮಾರಿ ನೋಡಿದ್ನೇನು?"

ಅವನು ಅವರನ್ನು ನೋಡಿದ. ಆಮೇಲೆ ಬಾಗಿಲಿನಲ್ಲಿದ್ದ ನನ್ನನ್ನು ನೋಡಿದ. ನಾನು ಕೇಳಿಕೊಂಡು ಬಂದಿದ್ದೇನೆಂದು, ಏನು ಕೇಳಿಕೊಂಡು ಬಂದಿದ್ದೇನೆಂದು, ಅವನಿಗೆ ಅಷ್ಟರಲ್ಲೇ ತಿಳಿಯಿತು. ಹೊರಗೆ ಯಾರೋ ಕೊಡಪಾನ ಇಳಿಸಿದ ಸದ್ದಾಯಿತು. ಆ ಸದ್ದು ನಿಂತ ಮೇಲೆ ಅವನು ಹೇಳಿದ, "ನೋಡಿದ್ರಿ ಅಕ್ಕೋರ."

"ನನ್ನ ಮಾರಿ?"

"ಮಾರಿನ. ನೀವು ಕುತ್ತಿಗಿಮಟ ನೀರಾಗ ಇದ್ರಿ. ಬಲಗೈ ಚಾಚಿದ್ರಿ. ಒಂದು ಗೇಣು ಸಾಲಲಿಲ್ಲ. ಅಂವ ನಿಮ್ಮನ್ನ ನೋಡಿಕೋತನ ಹೋದ."

"ಮತ್ತ ದಂಡಿ ಮ್ಯಾಲ..."

"ದಂಡಿ ಮ್ಯಾಲ ಯಾರೂ ಇರಲಿಲ್ರಿ. ನನ್ನ ಕಡೆ ಯಾರೂ ಓಡಿ ಬರಲಿಲ್ಲ. ನನಗ ವಯಸ್ಸಾತು, ಏನರ ಅಂತಿರತೀನಿ. ಚಂಪವ್ವಗ ತಪ್ಪು ಹೇಳೀನಿ."

ಅಂಬಕ್ಕೋರು ಹೊರಸಿನ ಅಂಚಿನಲ್ಲಿ ಕುಸಿದು ಕೂತರು. ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಲಿಲ್ಲ, ಅಳಲಿಲ್ಲ. "ಇನ್ನೊಮ್ಮೆ ಹೇಳು," ಎಂದರು. ಅವನು ಇನ್ನೊಮ್ಮೆ ಹೇಳಿದ. ಪುಸ್ತಕದ ಮಾತುಗಳನ್ನೇ ಹೇಳುತ್ತಿದ್ದ. ಆ ಸಾಲುಗಳನ್ನು ನಾನೇ ತಿದ್ದಿದ್ದೆ, ಪ್ರತಿ ಅಲ್ಪವಿರಾಮವೂ ನನಗೆ ಗೊತ್ತಿತ್ತು. ಹೇಳುವಾಗ ಅವನ ಬಲಗೈ ತಾನಾಗಿ ಎದ್ದು ಗಾಳಿಯಲ್ಲಿ ಚಾಚಿಕೊಂಡಿತು. ಅವನಿಗೆ ಅದು ನಿಜವಾಗಿಯೂ ಕಾಣುತ್ತಿತ್ತು. ನಾನು ಹೊಣೆ ಮರೆತು ಬಾಗಿಲಿನ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಗುರುಪಾದಪ್ಪನವರಿಗೂ ಈವರೆಗೆ ಏನೂ ತಿಳಿಸಿಲ್ಲ.

ಮರುದಿನ ಅಂಬಕ್ಕೋರು ಅದನ್ನೇ ಹೇಳಿಸಿಕೊಳ್ಳಲು ಮತ್ತೆ ಹೋದರಂತೆ. ಅದರ ಮರುದಿನವೂ. ನಾಲ್ಕನೆಯ ದಿನ ಫಕೀರಪ್ಪನಿಗೆ ಮಾತಾಡಲು ಉಸಿರು ಸಾಲಲಿಲ್ಲ. ಎಷ್ಟೋ ವಾರಗಳಿಂದ ಅವನ ಹೊಟ್ಟೆಗೆ ಏನೂ ಸರಿಯಾಗಿ ಹೋಗಿರಲಿಲ್ಲ. ಗುಟುಕು ನೀರು ಬಾಯಿಗೆ ಹಾಕಿದರೂ ಕೈಕಾಲು ಬಡಿಯುತ್ತಿದ್ದ, ಮುಳುಗುವವನ ಹಾಗೆ. ಅಂಬಕ್ಕೋರು ಮನೆಗೆ ಹೋಗಿ ಸೇರಕ್ಕಿಯ ಪಾತ್ರೆ, ಒಲೆ ಊದುವ ಕೊಳವೆ, ಒಂದು ಚಮಚ ಕಟ್ಟಿಕೊಂಡು ಬಂದರು. ಊರವರು ಅದನ್ನು ದೊಡ್ಡ ಮನಸ್ಸು ಎಂದರು. ಮಗನ ಜೀವ ಕಳೆದವನಿಗೇ ಕೂಳು ಹಾಕುತ್ತಾಳೆ, ಎಂಥ ಕ್ಷಮೆ ಎಂದು ಶಾಲೆಯ ಮಕ್ಕಳಿಗೆ ಹೇಳಿದರಂತೆ. ನಾನು ಒಮ್ಮೆ ಅವರನ್ನೇ ಕೇಳಿದೆ, "ಕ್ಷಮಾ ಮಾಡಿದ್ರೇನ್ರಿ ಅಕ್ಕೋರ?"

"ಹುಚ್ಚಿ," ಎಂದರು. "ಅಂವ ಸತ್ರ ನನ್ನ ಮುರಿಗಿನ್ನ ಅಲ್ಲಿ ನೋಡಿದಾಂವ ಯಾರು ಉಳಿತಾರ?"

ಈಗ ವರ್ಷವಾಗುತ್ತ ಬಂತು. ಹೆಸರು ಸಿಗದ ಆ ನೂರ ಅರವತ್ತನಾಲ್ಕು ಪುಟಗಳನ್ನು ಅವರು ಒಮ್ಮೆಯೂ ಕೇಳಿಲ್ಲ. ನಾನು ಆಗಾಗ ಫಕೀರಪ್ಪನ ಮನೆಗೆ ಹೋಗಿ ಬಾಗಿಲಿನಲ್ಲಿ ನಿಂತು ಬರುತ್ತೇನೆ. ನಿನ್ನೆ ಹೋದಾಗ ಅವನಿಗೆ ಜ್ವರವಿತ್ತು. ಕಣ್ಣು ಗೋಡೆಯಲ್ಲಿ ನೆಟ್ಟಿದ್ದವು. ನನ್ನನ್ನು ಸಾಯಲು ಬಿಡಿ, ನೀರಿನಿಂದ ಎತ್ತಿಬಿಡಿ ಎಂದು ಸಣ್ಣ ದನಿಯಲ್ಲಿ ಅನ್ನುತ್ತಿದ್ದ. ಅಂಬಕ್ಕೋರು ಅವನ ತಲೆಯನ್ನು ಎಡತೋಳಿನಲ್ಲಿ ಎತ್ತಿ ಹಿಡಿದು, ಗಂಜಿಯನ್ನು ಊದಿ ಆರಿಸಿ, ಚಮಚವನ್ನು ಅವನ ಮುಚ್ಚಿದ ತುಟಿಗಳ ನಡುವೆ ಒತ್ತುತ್ತಿದ್ದರು. ಗಂಜಿ ಗದ್ದದ ಮೇಲೆ ಇಳಿಯುತ್ತಿತ್ತು. ಅದನ್ನು ಬೆರಳಿನಿಂದ ಬಳಿದು ಮತ್ತೆ ಬಾಯಿಗೆ ಹಾಕಿದರು.

"ಉಣ್ಣು," ಎಂದರು. "ಉಂಡು ಹೇಳು."